ಶುಕ್ರವಾರದ ಮುಹೂರ್ತ

ಕಾಲುಬಾಯಿ ಜ್ವರ ಮತ್ತೆ ಬರುವುದಾದರೆ ಎಂಟು ದಿನ ಮುಂಚೆ ಹೇಳುತ್ತೇನೆಂದು ಮುನಿಯಕ್ಕನಿಗೆ ನಾನು ಮಾತು ಕೊಟ್ಟದ್ದು ತೊಂಬತ್ತೊಂದರಲ್ಲಿ. ಕೈಗೂಸನ್ನು ಎತ್ತಿಕೊಂಡು ಹೆಬ್ಬಗೋಡಿಯ ಅವಳ ಮನೆಗೆ ಬಾಡಿಗೆಗೆ ಬಂದ ವಾರವೇ ಅವಳ ಕರು ಆ ಜ್ವರಕ್ಕೆ ಸತ್ತಿತ್ತು. ನನ್ನ ಕೆಲಸ ಏನೆಂದು ಕೇಳಿ, “ಲೆಕ್ಕ ಆಕಿ ಜ್ವರ ಇಡೀತೀರಾ?” ಎಂದು ಅಳುತ್ತಲೇ ನಕ್ಕಿದ್ದಳು.

ಕೆಲಸ ಅದೇ. ಕಂಪ್ಯೂಟರಿನಲ್ಲಿ ಪ್ರತಿ ಊರೂ ಒಂದು ಚುಕ್ಕಿ. ಎಷ್ಟು ದನ, ಎಷ್ಟಕ್ಕೆ ರೋಗ, ಯಾವ ಊರಿನವು ಯಾವ ಊರಿನವನ್ನು ಸಂತೆಯಲ್ಲೋ ಕೆರೆಯಲ್ಲೋ ಸೇರುತ್ತವೆ ಎಂದು ತುಂಬಿದರೆ, ರೋಗ ಮುಂದೆ ಎಲ್ಲಿಗೆ ಎಂದು ಸಮೀಕರಣ ಹೇಳಬೇಕು. ಐದು ವರ್ಷ ಹೇಳಿತು. ಐದು ವರ್ಷವೂ ತಪ್ಪು. ಆನೇಕಲ್ ಕಡೆಗೆ ಎಂದರೆ, ರೋಗ ದನವೇ ಇಲ್ಲದ ಹೊಸ ಬಡಾವಣೆಗಳನ್ನು ದಾಟಿ ಇನ್ನೆಲ್ಲೋ ಏಳುತ್ತಿತ್ತು.

ಕಾರಣ ಸಿಕ್ಕಿದ್ದು ಮುನಿಯಕ್ಕನ ಜಗಲಿಯ ಮೇಲೆ.

“ಈ ತಿಂಗ್ಳು ನಮ್ಮ ಅಸೂಗೆ ಏಳು ಮನೆ ಗೃಹಪ್ರವೇಸ ಕಣಮ್ಮ. ಕಾಲಿಗೆ ಬಿಡುವೇ ಇಲ್ಲ. ಊರೂರಿನ ಅಸ ಬಂದು ನಿಂತಿರ್ತವೆ, ಎಲ್ಲಕ್ಕೂ ಒಂದೇ ತೊಟ್ಟಿ ನೀರು.”

ಕ್ಯಾಲೆಂಡರಿನ ಮುಹೂರ್ತಗಳನ್ನೆಲ್ಲ ಸಮೀಕರಣಕ್ಕೆ ಸೇರಿಸಿದೆ. ಐದು ವರ್ಷದ ರೋಗ ತೆಪ್ಪಗೆ ಬಂದು ಗೆರೆಯ ಮೇಲೆ ಕೂತಿತು. ಮುಂದಿನದನ್ನೂ ತೋರಿಸಿತು: ಮುಂದಿನ ವಾರದ ಶುಕ್ರವಾರ, ಹೊಸೂರು ರಸ್ತೆಯಾಚೆಯ ಬಡಾವಣೆ. ಒಂದೇ ಬೆಳಗ್ಗೆ ಒಂಬತ್ತು ಗೃಹಪ್ರವೇಶ, ರೋಗವಿರುವ ಎರಡು ಊರುಗಳಿಂದ ಹಸುಗಳು. ಅಲ್ಲಿಗೆ ಹೋದ ಎಳೆಗರು ಉಳಿಯುವುದು ಕಷ್ಟ. ಅಂದು ಗುರುವಾರ. ಸರಿಯಾಗಿ ಎಂಟು ದಿನ ಇತ್ತು.

ನಮ್ಮ ಮುಖ್ಯಸ್ಥರು ಚಿನ್ನಪ್ಪನವರು. ಹಾಳೆ ನೋಡಿ ಕನ್ನಡಕ ತೆಗೆದರು.

“ಏನ್ರೀ ಶೈಲಜಾ, ಪಂಚಾಂಗ ಹಾಕಿದ್ದೀರಿ? ಡೆಲ್ಲಿ ಹೆಡ್ಡಾಫೀಸಿನವರು ನಗ್ತಾರೆ ಕಣ್ರೀ.”

“ಗೆರೆ ಸರಿಯಾಗಿ ಕೂರ್ತಿದೆ ಸಾರ್.”

“ಕೂರ್ಲಿ. ಆದ್ರೆ ಆ ಒಂಬತ್ತರಲ್ಲಿ ನಮ್ಮನೇದೂ ಒಂದು. ಇದು ಈಗ ಹೊರಗೆ ಹೋದ್ರೆ ಒಂದು ಹಸುವೂ ಸಿಗಲ್ಲ ನಂಗೆ. ಗೃಹಪ್ರವೇಶ ಮುಗಿದ ಸೋಮವಾರ ಸಹಿ ಹಾಕ್ತೀನಿ. ಅಲ್ಲೀವರೆಗೂ ಯಾರಿಗೂ ಹೇಳ್ಬೇಡಿ. ನಿಮ್ಮ ಕೆಲಸದ ಎಕ್ಸ್‌ಟೆನ್ಷನ್ ಫೈಲೂ ಅವತ್ತೇ.” ಬಾಗಿಲ ಹತ್ತಿರ ಮತ್ತೆ ಕರೆದರು. “ಆ ರೋಗದ ಊರಿನ ಹಸು ನಮ್ಮನೆಗೆ ಬೇಡಪ್ಪ. ನಿಮ್ಮ ಓನರಮ್ಮಂದು ಆರೋಗ್ಯವಾಗಿದೆಯಲ್ಲ, ಅದನ್ನೇ ಹೇಳ್ಬಿಡಿ. ಕರು ಜೊತೆಗೇ.”

ಪಂಚಾಂಗದ ಲೆಕ್ಕವನ್ನು ಮೊದಲು ನಂಬಿದವರು ಅವರೇ.

ಸಂಜೆ ಮುನಿಯಕ್ಕ ಕರುವಿನ ಮೈ ಉಜ್ಜುತ್ತಿದ್ದಳು. ಹಿಂದಿನದು ಸತ್ತ ಮೇಲೆ ಎರಡು ಹೋರಿಗರು ಹುಟ್ಟಿ, ಈಗ ಸಿಕ್ಕ ಹೆಣ್ಣು. ಚಿನ್ನಪ್ಪನವರ ಮನೆಯ ವಿಷಯ ಹೇಳಿದೆ.

“ನಿಮ್ಮ ಸಾಯೇಬ್ರ ಮನೆಗಾ? ಬತ್ತದೆ ಬಿಡಮ್ಮ,” ಎಂದಳು. “ಅದಿರ್ಲಿ, ನಿನ್ ಕಂಪ್ಯೂಟ್ರು ಏನಂತೈತೆ? ಜ್ವರ ಗಿರ ಬತ್ತಾ ಐತಾ?”

“ವರದಿಗೆ ಇನ್ನೂ ಸಹಿ ಆಗಿಲ್ಲ ಮುನಿಯಕ್ಕ.”

“ಜ್ವರಕ್ಕೂ ಸಹಿ ಬೇಕೇನಮ್ಮ!” ಎಂದು ನಕ್ಕಳು.

ಮಗಳು ಶಾಲೆಯ ಬ್ಯಾಗು ಎಸೆದು ಕರುವಿನ ಕೊರಳಿಗೆ ಜೋತುಬಿದ್ದಳು. ನಾನು ಅನ್ನಕ್ಕಿಡಬೇಕೆಂದು ಒಳಗೆ ಹೋದೆ.

ಆ ಶುಕ್ರವಾರ ಮುನಿಯಕ್ಕನ ಹಸು ಚಿನ್ನಪ್ಪನವರ ಹೊಸ ಮೊಸಾಯಿಕ್ ನೆಲದ ಮೇಲೆ ಸಗಣಿ ಹಾಕಿತು. ಶುಭ ಎಂದು ಎಲ್ಲರೂ ಸಂತೋಷಪಟ್ಟರು. ಹೊರಗೆ ತೊಟ್ಟಿಯಲ್ಲಿ ಕರು ಬೇರೆ ಕರುಗಳ ಜೊತೆ ನೀರು ಕುಡಿಯುತ್ತಿತ್ತು. ಸೋಮವಾರ ವರದಿಗೂ ನನ್ನ ಫೈಲಿಗೂ ಸಹಿ ಬಿತ್ತು. ಮರುದಿನ ಹಸು ಜೊಲ್ಲು ಸುರಿಸಿತು, ಗುರುವಾರ ಕರು ಸತ್ತಿತು.

ಮುನ್ಸೂಚನೆ ಒಂದು ದಿನವೂ ಹೆಚ್ಚುಕಡಿಮೆ ಆಗಲಿಲ್ಲವೆಂದು ಡೆಲ್ಲಿಯಿಂದ ಮೆಚ್ಚುಗೆಯ ಪತ್ರ ಬಂತು. ಪುರಾವೆಯ ಪಟ್ಟಿಯಲ್ಲಿ ಆ ಕರು ಮೊದಲನೆಯದು.

ಎಂಟು ದಿನ ಮುಂಚೆ ಹೇಳುತ್ತೇನೆಂದಿದ್ದೆ. ಹೇಳಲಿಲ್ಲ.