ಗೋಡೆಗೆ ಅಂಟಿಸಿದ ನಾಯಿಗಳು

ಮಕ್ಕಳ ಕೈಯಿಂದಲೇ ಮಕ್ಕಳ ನಾಯಿಯನ್ನು ಹಿಡಿಸುವುದು ಹೇಗೆಂದು ಯಾರಾದರೂ ಕಲಿಯಬೇಕಿದ್ದರೆ ಬಡಾವಣೆ ಸಂಘದ ಕಾರ್ಯದರ್ಶಿಯ ಬಳಿ ಹೋಗಬೇಕು. ಬಲೆ ಬೇಡ, ಕೋಲು ಬೇಡ. ಒಂದು ಡಬ್ಬ ಬಣ್ಣದ ಪೆನ್ಸಿಲ್ ಸಾಕು.

ಸಂಘದ ಕಟ್ಟಡದ ಮೇಲಿನ ಕೋಣೆಯಲ್ಲಿ ಶನಿವಾರದ ಮಧ್ಯಾಹ್ನ ಮಕ್ಕಳಿಗೆ ಕಥೆ ಓದುತ್ತಿದ್ದವರು ಕಂಡಕ್ಟರಮ್ಮ. ಬಸ್ಸಿನಲ್ಲಿ ಟಿಕೆಟ್ ಹರಿದೂ ಹರಿದೂ ನಿವೃತ್ತರಾದವರು. ಓದುವುದಕ್ಕೆ ಸಂಬಳವಿಲ್ಲ, ಒಂದು ಲೋಟ ನೀರು ಕೊಡುವವರೂ ಇಲ್ಲ. ಗಂಟಲು ಮಾತ್ರ ಇನ್ನೂ ಸರ್ವಿಸ್‌ನಲ್ಲಿತ್ತು. "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ!" ಎಂದು ಕೂಗಿದರೆ ಮಕ್ಕಳು ನಗುತ್ತ ಚಾಪೆಯ ಮೇಲೆ ಒತ್ತಿಕೊಂಡು ಕೂರುತ್ತಿದ್ದರು.

ಅವರು ತರುತ್ತಿದ್ದದ್ದೆಲ್ಲ ನಾಯಿಗಳ ಚಿತ್ರಪುಸ್ತಕ. ಸ್ನಾನ ಎಂದರೆ ಬೀರುವಿನೊಳಗೆ ಅಡಗುವ ನಾಯಿ, ಊರಿನವರ ಎಡಗಾಲಿನ ಚಪ್ಪಲಿಯನ್ನಷ್ಟೇ ಕದಿಯುವ ನಾಯಿ, ತನ್ನ ಬಾಲವನ್ನು ಇನ್ಯಾರೋ ಎಂದುಕೊಂಡು ಅದಕ್ಕೆ ನಮಸ್ಕಾರ ಹೇಳುವ ನಾಯಿ. ಒಂದೊಂದಕ್ಕೂ ಒಂದೊಂದು ಬೊಗಳು. ನೆಗಡಿಯಾದ ನಾಯಿಯ ಬೊಗಳಂತೂ ಮಕ್ಕಳಿಗೆ ಎಷ್ಟು ಸಲ ಕೇಳಿದರೂ ಸಾಲದು.

"ಈ ವಯಸ್ಸಲ್ಲಿ ಬೊಗಳೋದಾ ಕಂಡಕ್ಟರಮ್ಮಾ?" ಎಂದು ಕೆಳಗಿನ ಮನೆಯವರು ಕಿಚಾಯಿಸಿದರೆ, "ಕೆಲಸದಲ್ಲಿದ್ದಾಗ ಮೇಲಧಿಕಾರಿಗಳು ಬೊಗಳ್ತಿದ್ರು, ನಾನು ಕೇಳ್ತಿದ್ದೆ. ಈಗ ನನ್ನ ಸರದಿ" ಎನ್ನುತ್ತಿದ್ದರು.

ಒಂದು ಶನಿವಾರ ಕಾರ್ಯದರ್ಶಿ ತಾನಾಗಿಯೇ ಮೇಲೆ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗೆ. ಕೈಯಲ್ಲಿ ಹೊಸ ಪೆನ್ಸಿಲ್ ಡಬ್ಬಗಳು.

"ಮಕ್ಕಳೇ, ಕಥೆ ಕೇಳಿದ್ರಲ್ಲ, ಈಗ ನಿಮ್ಮ ಬೀದಿಯ ನಾಯಿ ಚಿತ್ರ ಬಿಡಿಸಿ. ಬರೀ ನಾಯಿ ಸಾಲದು. ಅದು ಎಲ್ಲಿ ಮಲಗುತ್ತೆ, ಎಲ್ಲಿ ತಿನ್ನುತ್ತೆ, ಎಲ್ಲಾ ಬರಬೇಕು. ಹಾಳೆ ತುಂಬಬೇಕು!"

ಮಕ್ಕಳು ನಾಲಿಗೆ ಕಚ್ಚಿಕೊಂಡು ಬಿಡಿಸಿದರು. ನೀರಿನ ಟ್ಯಾಂಕಿನ ಕೆಳಗಿನ ಕರಿಯ, ಬೇಕರಿಯ ಹಿಂದಿನ ಕುಂಟಿ. ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದವಳು ಲಾಂಡ್ರಿಯವನ ಮಗಳು. ಗಾತ್ರದಲ್ಲಿ ಸಣ್ಣವಳು, ಬಾಯಲ್ಲಿ ಖಾರ. ಎಲ್ಲರೂ ಕರೆಯುತ್ತಿದ್ದದ್ದು ಮೆಣಸು ಎಂದು. ಲಾಂಡ್ರಿಯ ಹೊಗೆಕೊಳವೆ, ಹಿಂದಿನ ಗೋಡೆ, ಮುರಿದ ಜಾಲರಿ, ಜಾಲರಿಯ ಪಕ್ಕದಲ್ಲಿ ಬೆಚ್ಚಗೆ ಸುರುಳಿಯಾದ ಕಂದು ನಾಯಿ, ಅದರ ಮಡಚಿದ ಒಂದು ಕಿವಿ, ಏನನ್ನೂ ಬಿಟ್ಟಿರಲಿಲ್ಲ. ಎಲ್ಲವನ್ನೂ ಗೋಡೆಗೆ ಅಂಟಿಸಿದರು. ಕಾರ್ಯದರ್ಶಿ ಒಂದೊಂದರ ಮುಂದೆಯೂ ನಿಂತು ಫೋನಿನಲ್ಲಿ ಫೋಟೋ ತೆಗೆದುಕೊಂಡ. ಕಂಡಕ್ಟರಮ್ಮ ಹಿಗ್ಗಿ ಹೀರೇಕಾಯಿಯಾದರು. ಈ ಮನುಷ್ಯನ ಅಂಗಿಯೊಳಗೂ ಒಂದು ಎದೆ ಇದೆ ಎಂದುಕೊಂಡರು.

ಅದು ಅವರ ತಪ್ಪು ಲೆಕ್ಕ. ಮಾರನೆಯ ವಾರ ನಾಯಿ ಹಿಡಿಯುವ ವ್ಯಾನು ಬಂತು. ಯಾರನ್ನೂ ಕೇಳಲಿಲ್ಲ, ಎಲ್ಲೂ ಹುಡುಕಲಿಲ್ಲ. ನೇರ ಟ್ಯಾಂಕಿನ ಕೆಳಗೆ, ನೇರ ಬೇಕರಿಯ ಹಿಂದೆ, ನೇರ ಲಾಂಡ್ರಿಗೆ.

ಶಾಲೆ ಬಿಟ್ಟೊಡನೆ ಮೆಣಸು ಕಂಡಕ್ಟರಮ್ಮನ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ.

"ಅಜ್ಜಿ, ಹಿಡಿಯೋರ ಫೋನಲ್ಲಿ ನನ್ನ ಚಿತ್ರ ಇತ್ತಂತೆ. ಅಪ್ಪ ನೋಡಿದ್ರು. ನಿಮಗೆ ಗೊತ್ತಿತ್ತಾ?"

"ಇಲ್ಲ ಪುಟ್ಟಾ. ದೇವರಾಣೆ ಗೊತ್ತಿರಲಿಲ್ಲ."

ಟಿಕೆಟ್ ಕಳೆದುಹೋಯಿತು ಎನ್ನುವ ಪ್ರಯಾಣಿಕರನ್ನು ಕಂಡಕ್ಟರಮ್ಮ ಯಾವ ಕಣ್ಣಿನಿಂದ ನೋಡುತ್ತಿದ್ದರೋ, ಅದೇ ಕಣ್ಣಿನಿಂದ ಮೆಣಸು ಅವರನ್ನು ನೋಡಿದಳು.

"ನನ್ನ ನಾಯಿ ಇವತ್ತೇ ಬೇಕು," ಎಂದಳು. "ನಾಳೆ ಅಲ್ಲ. ಇವತ್ತು."

ಅವಳ ಕೈ ಹಿಡಿದುಕೊಂಡು ಕಂಡಕ್ಟರಮ್ಮ ಸಂಘದ ಕಚೇರಿಗೆ ನುಗ್ಗಿದರು. ಕಾರ್ಯದರ್ಶಿ ದಪ್ಪ ಕಾಗದಗಳ ಮೇಲೆ ಸಹಿ ಹಾಕುತ್ತಿದ್ದ.

"ಬನ್ನಿ ಮೇಡಂ! ನಿಮಗೇ ಹೇಳಿಕಳಿಸಬೇಕು ಅಂತಿದ್ದೆ. ನೋಡಿ, ಮಕ್ಕಳಿಗೆಲ್ಲ ಪ್ರಶಸ್ತಿಪತ್ರ. 'ಪುಟ್ಟ ಸ್ವಯಂಸೇವಕ.' ಶನಿವಾರ ನೀವೇ ಕೊಡಬೇಕು. ಮೊದಲು ಒಂದು ನಾಯಿ ಕಥೆ ಓದಿಬಿಡಿ, ಕಾರ್ಯಕ್ರಮಕ್ಕೆ ಕಳೆ ಬರುತ್ತೆ."

"ಮಕ್ಕಳನ್ನ ಚಾಡಿಕೋರರನ್ನಾಗಿ ಮಾಡಿ ಪ್ರಶಸ್ತಿ ಬೇರೆ ಕೊಡ್ತೀಯಾ?"

"ಚಾಡಿ ಅಂತ ಯಾಕಂತೀರಿ? ಮಕ್ಕಳೂ ಬಡಾವಣೆಗೆ ಸೇವೆ ಮಾಡಿದ್ರು. ಯಾರಿಗಾದ್ರೂ ಕಚ್ಚಿದ್ರೆ ನೀವು ಜವಾಬ್ದಾರಿ ತಗೋತೀರಾ?"

"ಕಚ್ಚಿತ್ತಾ? ಒಬ್ಬರ ಹೆಸರು ಹೇಳು ನೋಡೋಣ. ಒಬ್ಬರದು!"

ಕಚ್ಚಿದ್ದರಲ್ಲವೇ ಹೇಳುವುದು. ಹೊಸ ಮನೆಗಳನ್ನು ಕೊಳ್ಳಲು ಬರುವವರಿಗೆ ಬೀದಿ ಚೊಕ್ಕಟವಾಗಿ ಕಾಣಬೇಕಿತ್ತು, ಅಷ್ಟೇ. ಅವನು ಮೆಣಸಿನ ಕಡೆ ಬಾಗಿ ಇಸ್ತ್ರಿಯ ನಗೆ ನಕ್ಕ.

"ನೀನೇ ಅಲ್ವಾ ಜಾಣೆ, ಲಾಂಡ್ರಿ ಚಿತ್ರ ಬಿಡಿಸಿದ್ದು? ನಿಂದೇ ಮೊದಲನೇ ಬಹುಮಾನ!"

ಅವಳ ಪ್ರಶಸ್ತಿಪತ್ರವನ್ನು ಕಂಡಕ್ಟರಮ್ಮ ಎತ್ತಿಕೊಂಡರು. ಉಳಿದವನ್ನೂ ಬಾಚಿಕೊಂಡರು. ಪಳಗಿದ ಕೈ, ಅವಸರವಿಲ್ಲ. ಪರ್ ಪರ್ ಎಂದು ಒಂದೊಂದೇ ಹರಿದು ಅವನ ಮೇಜಿನ ಮೇಲೆ ಇಟ್ಟರು.

"ತಗೋ ನಿನ್ನ ಟಿಕೆಟ್ಟು. ಎಲ್ಲಿಗೆ ಬೇಕೋ ಅಲ್ಲಿಗೆ ಹೋಗು. ಅನ್ನ ತಿನ್ನೋ ಬಾಯಲ್ಲಿ ಮಣ್ಣು ತಿನ್ನೋನೇ, ಪೆನ್ಸಿಲ್ ಕೊಡೋವಾಗ ಆ ಮಗು ನಿನಗೆ ಥ್ಯಾಂಕ್ಸ್ ಹೇಳಿತ್ತು ಕಣೋ! ನೆನಪಿದೆಯಾ?"

"ಮೇಡಂ, ಮಾತು ಹಿಡಿತದಲ್ಲಿರಲಿ. ಆ ಕೋಣೆ ಸಂಘದ್ದು. ಶನಿವಾರದಿಂದ ನೀವು ಬರೋದು ಬೇಡ."

"ಬರಲ್ಲ. ಪುಸ್ತಕ ನನ್ನವು. ಮೆಟ್ಟಿಲ ಮೇಲೆ ಕೂತು ಓದ್ತೀನಿ, ನಿನ್ನ ಬಾಗಿಲ ಮುಂದೇನೇ. ನಾಯಿ ಎಲ್ಲಿದೆ, ಅದನ್ನ ಹೇಳು."

ನಗರಸಭೆಯ ದೊಡ್ಡಿಯಲ್ಲಿತ್ತು. ಬೆಳಗಾದರೆ ಲಾರಿಗೆ ತುಂಬಿ ಊರಾಚೆಯ ಕಸದ ಗುಡ್ಡದ ಕಡೆ ಬಿಟ್ಟು ಬರುತ್ತಾರಂತೆ.

ಬಸ್ಸು ಹಿಡಿದು ದೊಡ್ಡಿ ಮುಟ್ಟುವಾಗ ಗೇಟು ಮುಚ್ಚುವ ಹೊತ್ತು. ಒಳಗೆ ನೂರಾರು ಗಂಟಲುಗಳ ಕೂಗು, ಫಿನಾಯಿಲಿನ ನಾತ. ಕಬ್ಬಿಣದ ಜಾಲರಿಯ ಹಿಂದೆ ಮೂಲೆಯಲ್ಲಿ ಕಂದು ನಾಯಿ ನಿಂತಿತ್ತು, ಮಡಚಿದ ಕಿವಿ. ಮೆಣಸನ್ನು ಕಂಡು ಬೊಗಳಲಿಲ್ಲ. ಜಾಲರಿಗೆ ಮೈ ಒತ್ತಿ ನಡುಗಿತು.

ಕಾವಲಿನವನು ಕೆಟ್ಟವನಲ್ಲ, ದಣಿದವನು. "ಬಿಡೋಣ ಅಮ್ಮಾ. ಆದ್ರೆ ಎಲ್ಲಿರೋ ನಾಯಿ ಅಂತ ಬರೆಸಬೇಕು. ಜಾಗ ಹೇಳದೆ ಬಿಡೋ ಹಾಗಿಲ್ಲ. ಹೇಳಮ್ಮಾ ಪಾಪು, ನಿನ್ನ ನಾಯಿ ಎಲ್ಲಿ ಮಲಗುತ್ತೆ?"

ಮೆಣಸು ಒಂದು ಹೆಜ್ಜೆ ಹಿಂದೆ ಸರಿದಳು.

"ಹೇಳು ಪುಟ್ಟಾ," ಎಂದರು ಕಂಡಕ್ಟರಮ್ಮ. "ಹೇಳಿದ್ರೆ ಬಿಡ್ತಾರೆ."

"ಹೇಳಲ್ಲ."

"ಇವರು ಹಿಡಿಯೋರಲ್ಲ ಕಂದಾ—"

"ನೀವೂ ಹಿಡಿಯೋರಲ್ಲ ಅಂದ್ಕೊಂಡಿದ್ದೆ."

ಕಂಡಕ್ಟರಮ್ಮ ಜಾಲರಿಯ ಕಡೆ ತಿರುಗಿದರು. ಆಗ ಅವರ ಕಣ್ಣು ನಾಯಿಯ ಹೊಟ್ಟೆಯ ಕಡೆ ಹೋಯಿತು. ಮೊಲೆಗಳು ಬಿಗಿದು ಊದಿದ್ದವು. ತುದಿಯಿಂದ ಹಾಲು ಸಿಮೆಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಚಿತ್ರದಲ್ಲಿ ಮರಿಗಳಿರಲಿಲ್ಲ. ಎಲ್ಲವನ್ನೂ ಬಿಡಿಸಿದ್ದ ಹುಡುಗಿ ಅದೊಂದನ್ನು ತನಗಾಗಿ ಇಟ್ಟುಕೊಂಡಿದ್ದಳು. ಇವತ್ತೇ ಬೇಕು ಎಂದದ್ದು ಯಾಕೆಂದು ಕಂಡಕ್ಟರಮ್ಮನಿಗೆ ಈಗ ಹೊಳೆಯಿತು. ಎಲ್ಲೋ ಕತ್ತಲೆಯ ಸಂದಿಯಲ್ಲಿ ಕಣ್ಣು ಬಿಡದ ಮರಿಗಳು ಬೆಳಗಿನಿಂದ ಹಸಿದು ಅಳುತ್ತಿದ್ದವು. ಅದನ್ನು ಯಾರಿಗೂ, ಅಪ್ಪನಿಗೂ ಹೇಳದೆ ಈ ಚೋಟುದ್ದದ ಜೀವ ಒಬ್ಬಳೇ ಹೊತ್ತುಕೊಂಡು ತಿರುಗುತ್ತಿತ್ತು.

ಅವರಿಗೆ ಬಂದ ಸಿಟ್ಟು ಕೂಗಿ ತೀರುವಂಥದ್ದಾಗಿರಲಿಲ್ಲ.

"ಬರ್ಕೊಳ್ಳಿ," ಎಂದರು ಕಾವಲಿನವನಿಗೆ. "ನಾಯಿ ನಂದು. ನನ್ನ ಮನೇಲಿ ಮಲಗುತ್ತೆ. ವಿಳಾಸ ಹೇಳ್ತೀನಿ. ಯಾರಾದ್ರೂ ಹುಡುಕ್ಕೊಂಡು ಬಂದ್ರೆ ನನ್ನ ಬಾಗಿಲಿಗೇ ಬರಲಿ."

"ನಾಯಿ ಹೆಸರು?"

ಕಂಡಕ್ಟರಮ್ಮ ಮೆಣಸಿನ ಕಡೆ ನೋಡಿದರು. ಅವಳು ನೆಲ ನೋಡಿದಳು.

"ಹೆಸರು ಇನ್ನೂ ಇಟ್ಟಿಲ್ಲ," ಎಂದರು ಕಂಡಕ್ಟರಮ್ಮ.

ನಾಯಿಯನ್ನು ಬಸ್ಸಿಗೆ ಹತ್ತಿಸಲು ಬಿಡಲಿಲ್ಲ. ನಡೆದರು. ನಾಯಿ ಹಗ್ಗ ಎಳೆಯುತ್ತ ಮುಂದೆ, ಹಗ್ಗ ಹಿಡಿದ ಮೆಣಸು ಅದರ ಹಿಂದೆ ಓಡುನಡಿಗೆಯಲ್ಲಿ, ಏದುಸಿರು ಬಿಡುವ ಕಂಡಕ್ಟರಮ್ಮ ಎಲ್ಲರಿಗಿಂತ ಹಿಂದೆ. ಬಡಾವಣೆಯ ತಿರುವು ಬಂದಾಗ ಮೆಣಸು ಹಗ್ಗ ಜಗ್ಗಿ ನಿಂತಳು.

"ಅಜ್ಜಿ, ನೀವು ಇಲ್ಲೇ ಇರಿ."

"ಕತ್ತಲಾಗ್ತಿದೆ ಪುಟ್ಟಾ. ನಿನ್ನನ್ನ ಮನೆಗೆ—"

"ಬರಬೇಡಿ. ಆ ಕಡೆ ತಿರುಗಿ."

ಕಂಡಕ್ಟರಮ್ಮ ಗೋಡೆಯ ಕಡೆ ತಿರುಗಿ ನಿಂತರು. ಬೆನ್ನ ಹಿಂದೆ ನಾಯಿಯ ಉಗುರುಗಳ ಸದ್ದು ಶುರುವಾಯಿತು. ಎಡಕ್ಕೋ ಬಲಕ್ಕೋ, ಕೇಳಿದರೆ ತಿಳಿದುಬಿಡುತ್ತಿತ್ತು. ಅವರು ಎರಡೂ ಕಿವಿಗಳನ್ನು ಬಿಗಿಯಾಗಿ ಮುಚ್ಚಿಕೊಂಡರು.