ಬಾತಿಗೆ ಹೋದ ಮಾತ್ರೆ

ನಮ್ಮ ಮನ್ಸೂರಾದಲ್ಲಿ ಮದುವೆಯ ರಾತ್ರಿ ಹೆಣ್ಣಿನ ಮನೆಯಿಂದ ಹೊಸ ಜೋಡಿಗೆ ಊಟ ಹೋಗಬೇಕು. ತಟ್ಟೆಗಳು ತಲೆಯ ಮೇಲೆ ಸಾಗುವಾಗ ಬೀದಿಯ ಕಿಟಕಿಗಳೆಲ್ಲ ತೆರೆದೇ ಇರುತ್ತವೆ. ಬಾತುಕೋಳಿ ಕಾಣದಿದ್ದರೆ ಹೆತ್ತವಳ ಮಾನ ಹೋಯಿತು. ಅದಕ್ಕೇ ಎದುರುಮನೆಯ ಇನ್ಶಿರಾಹ್ ಮಗಳು ನವ್ವಾರಾಳ ನಿಶ್ಚಿತಾರ್ಥವಾದ ಮರುದಿನವೇ ಮಾಳಿಗೆಯ ಮೇಲೆ ಬಾತು ಸಾಕತೊಡಗಿದಳು. ಅವಕ್ಕೆ ತಿನ್ನಿಸಿದ್ದನ್ನು ಗಂಡನಿಗೆ ತಿನ್ನಿಸಿದ್ದರೆ ಅವನೂ ಬಾತಿನಂತೆಯೇ ನಡೆಯುತ್ತಿದ್ದ.

ಭಾವಿ ಅಳಿಯ ವಗ್ದಿ ಪಶುವೈದ್ಯ. ಬಂದಾಗಲೆಲ್ಲ ನವ್ವಾರಾಳಿಗಿಂತ ಮೊದಲು ಬಾತುಗಳ ಕ್ಷೇಮ ವಿಚಾರಿಸಿ, ಟೀ ಆರುವವರೆಗೂ ಆ್ಯಂಟಿಬಯೋಟಿಕ್ ಪ್ರವಚನ ಕೊಡುತ್ತಿದ್ದ. ಅವನು ಮೆಟ್ಟಿಲಿಳಿದ ಮೇಲೆ ನವ್ವಾರಾ ಮೂಗಿನಲ್ಲಿ ಅವನ ದನಿ ತೆಗೆದು ತಂಗಿಯನ್ನು ನಗಿಸುತ್ತಿದ್ದಳು.

ಮದುವೆ ಹತ್ತಿರ ಬಂದಾಗ ಬಾತುಗಳು ಸೀನತೊಡಗಿದವು. ಇನ್ಶಿರಾಹ್‌ಗೆ ದಿಗಿಲಾಯಿತು. ಗಂಡ ಹಲ್ಲುನೋವಿಗೆ ತಂದಿದ್ದ ಆ್ಯಂಟಿಬಯೋಟಿಕ್ಕನ್ನು ನೋವು ತಗ್ಗಿದೊಡನೆ ಬಿಟ್ಟಿದ್ದ. ಉಳಿದ ಮಾತ್ರೆಗಳನ್ನು ಆಕೆ ಯಾರಿಗೂ ಹೇಳದೆ ಬಾತುಗಳ ನೀರಿಗೆ ಸುರಿದಳು.

ಮದುವೆಯ ಹಿಂದಿನ ದಿನ ನವ್ವಾರಾ ಮಾಳಿಗೆಯಲ್ಲಿ ಬಟ್ಟೆ ಹರವುತ್ತ ತಂಗಿಗಾಗಿ ವಗ್ದಿಯ ದನಿ ತೆಗೆದಳು. “ಔಷಧಿ ಕುಡಿದ ಬಾತನ್ನ ಕೊಯ್ಯೋ ಹಾಗಿಲ್ಲಮ್ಮ. ಅದು ಮೈಬಿಟ್ಟು ಹೋಗ್ಬೇಕು.”

ಬಾತಿನ ಗೂಡಿನೊಳಗಿಂದ ಅಮ್ಮನ ದನಿ ಬಂತು. “ತಪ್ಪಾಯ್ತು ಡಾಕ್ಟ್ರೇ. ನಮ್ಮನೆಯವ್ರ ಹಲ್ಲಿನ ಮಾತ್ರೆ, ಒಂದೇ ಒಂದು ಹಾಕ್ದೆ. ಸರಿ, ಒಂದಲ್ಲ.”

ತಲೆಯಲ್ಲಿ ಗರಿ ಸಿಕ್ಕಿಸಿಕೊಂಡು ಹೊರಬಂದವಳಿಗೆ ಕಂಡದ್ದು ಬಾಯಿ ತೆರೆದು ನಿಂತ ಮಗಳು. ಯಾರಿಗೂ ಹೇಳಬೇಡವೆಂದು ಅಮ್ಮ ಗೋಗರೆದಳು; ಬೆಂದ ಬಾತು ಬಾಯಿ ಬಿಡುವುದಿಲ್ಲವಲ್ಲ.

“ಅವ್ರು ಬಾತಿನ ಕಾಲು ಕಚ್ಚೋವಾಗ ನಾನು ಬಾಯ್ಮುಚ್ಕೊಂಡು ಕೂತಿರ್ಬೇಕಾ ಅಮ್ಮ?”

ಸಂತೆಯಿಂದ ಬೇರೆ ತರೋಣವೆಂದರೆ, ಅದು ಸಂತೆಯದೆಂದು ಬೀದಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಇನ್ಶಿರಾಹ್ ರಾತ್ರಿಯೆಲ್ಲ ನಿದ್ದೆಗೆಟ್ಟಳು.

ಮದುವೆಯ ರಾತ್ರಿ ಅನ್ನದ ತಟ್ಟೆ ಹೋಯಿತು, ಪಾರಿವಾಳದ ತಟ್ಟೆ ಹೋಯಿತು. ಕಡೆಯಲ್ಲಿ ಇನ್ಶಿರಾಹ್‌ಳ ತಲೆಯ ಮೇಲೊಂದು ಬುಟ್ಟಿ. ಅದರೊಳಗೆ ಕೊರಳಿಗೆ ರಿಬ್ಬನ್ ಕಟ್ಟಿಸಿಕೊಂಡ ಬಾತುಗಳು ಕಿರುಚುತ್ತಿದ್ದವು.

“ಒಲೆ ಹತ್ತಲಿಲ್ವೇನೇ?” ಎಂದಳು ಮೂಲೆಮನೆಯ ಸುಕೈನಾ, ಕಿಟಕಿಯಿಂದ.

“ನನ್ನ ಅಳಿಯ ಡಾಕ್ಟ್ರು ಕಣೇ. ಸತ್ತೋರನ್ನ ನೋಡಲ್ಲ.”

ವಗ್ದಿ ಮದುಮಗನ ಕೋಟಿನಲ್ಲೇ ಸೀನುತ್ತಿದ್ದ ಬಾತಿನ ಎದೆಗೆ ಕಿವಿಯಿಟ್ಟು ಕೇಳಿದ. ಅವಕ್ಕೆ ರೋಗವೇ ಇರಲಿಲ್ಲ, ಸೀನು ಗೂಡಿನ ಹೊಟ್ಟಿನ ದೂಳಿನದು, ಗುಡಿಸಿದ್ದರೆ ಸಾಕಿತ್ತು. ಇನ್ಶಿರಾಹ್ ಮಾತ್ರೆಯ ವಿಷಯ ಒಪ್ಪಿಕೊಂಡಳು. ಅವನ ಕಣ್ಣು ಅನ್ನದ ತಟ್ಟೆ ಹೊತ್ತು ತಂದಿದ್ದ ಮಾವನ ಕಡೆ ತಿರುಗಿತು. ಮತ್ತೆ ನೋವೆದ್ದು ಮಾವನ ಕೆನ್ನೆ ಬಾತಿತ್ತು.

“ಮಾವ, ಅರ್ಧಕ್ಕೆ ಬಿಟ್ಟು ಕ್ರಿಮಿಗಳಿಗೆ ತಾಲೀಮು ಕೊಟ್ಟಿದ್ದೀರಿ. ಹೀಗೇ ಆದ್ರೆ ಅವು ಆ ಮಾತ್ರೆಗೆ ಸಲಾಂ ಹೊಡೆದು ಮುಂದೆ ಹೋಗ್ತವೆ. ಬೆಳಿಗ್ಗೆ ಎದ್ದು ಹಲ್ಲಿನ ಡಾಕ್ಟರ ಹತ್ರ ನಡೀರಿ.”

ಅವನು ಮುಂದಿನ ವಾಕ್ಯಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮದುಮಗಳ ಮುಸುಕಿನೊಳಗಿಂದ ಅವನದೇ ದನಿಯಲ್ಲಿ ಆ ವಾಕ್ಯ ಬಂತು. ವಗ್ದಿ ಸುತ್ತಲೂ ನೋಡಿದ.

ಇನ್ನು ಇನ್ಶಿರಾಹ್‌ಳ ಮಾನ. ಮುಂದಿನ ತಿಂಗಳು ಸುಕೈನಾಳ ಮಗಳ ಮದುವೆಯಲ್ಲೂ ಬಾತುಗಳು ಜೀವಂತವಾಗಿಯೇ ಬೀದಿ ದಾಟಿದವು. ರಿಬ್ಬನ್ ಇನ್ನೂ ಅಗಲವಾಗಿತ್ತು. ಆ ಅಳಿಯ ಡಾಕ್ಟರೇನಲ್ಲ, ಅವನಿಗೆ ಬಟ್ಟೆ ಅಂಗಡಿ.