ಕೇಳಾಕಿ, ಹೇಳಾಕಿ

ನಾ ಸುಮ್ಮಸುಮ್ಮನ ಯಾರ ಮ್ಯಾಲೂ ಸಂಶೇ ಪಡಾಕಿ ಅಲ್ಲರಿ. ಆದ್ರ ಒಬ್ಬಾಕಿ ತನ್ನ ಬಾಯಾಗಿನ ತುತ್ತು ತಗದು ನಿನಗ ತಿನ್ನಸ್ತೇನಿ ಅಂತ ಬಂದ್ರ, ಆ ತುತ್ತಿನ್ಯಾಗ ಏನೈತಿ ಅಂತ ನೋಡಬೇಕೋ ಬ್ಯಾಡೋ? ನನ್ನ ನೆಗೆಣ್ಣಿ ಶ್ವೇತಾ, ಅಂದ್ರ ನಮ್ಮ ಮೈದುನ ರುದ್ರೇಶನ ಹೆಣ್ತಿ, ಹಂಗ ಬಂದ್ಲು.

ನಮ್ಮೂರು ಹಿರೇಬೆಂಡಿಗೇರಿ. ಒಂದು ಬೀಜದ ಕಂಪನಿಯವ್ರು ನಮ್ಮೂರ ಹೊಲದಾಗ ಬೆಂಡಿಬೀಜ ಮಾಡಸ್ತಾರ. ಸಂಜೀಕ ಮೊಗ್ಗು ಬಿಚ್ಚಿ, ಒಳಗಿನ ಗಂಡುಭಾಗ ಕಿತ್ತು, ಕಾಗದದ ಟೊಪಗಿ ಹಾಕಬೇಕು. ಮರುದಿನ ಮುಂಜಾನೆ ಟೊಪಗಿ ತಗದು ಬ್ಯಾರೆ ಗಿಡದ ಹುಡಿ ಹಚ್ಚಬೇಕು. ಕ್ರಾಸಿಂಗ್ ಅಂತಾರ ಅದಕ್ಕ. ಹನ್ನೆರಡು ವರ್ಷ ನಾ ಅದನ್ನ ಮಾಡೇನಿ. ಬಗ್ಗಿ ಬಗ್ಗಿ ನಡಾ ಹೋತು. ಹೋದ ದೀಪಾವಳಿ ಮುಂದ ಶಿಗ್ಗಾಂವಿ ಡಾಕ್ಟರು ನೋಡಿ, ಇನ್ನ ಬಗ್ಗಿ ದುಡಿಯೋದು ನಿಲ್ಲಸ್ದಿದ್ರ ಹಾಸಿಗಿ ಹಿಡಿತೀರಿ ನಾಗವ್ವಾರ ಅಂದ್ರು. ಕೂಲಿ ಬಿಟ್ಟು ಮನ್ಯಾಗ ಕುಂತ್ರ ಒಲಿ ಮುಂದ ಕುಂಡ್ರೋದ ಗತಿ, ಅದು ನನಗ ಬ್ಯಾಡಾಗಿತ್ತು, ಅದಕ್ಕ ನೋವು ನುಂಗಿ ಹೊಲಕ್ಕ ಹೋಗ್ತನ ಇದ್ದೆ.

ಹಿಂಗಿದ್ದಾಗ ಕಂಪನಿ ಸೂಪರ್‌ವೈಸರ್ ಕನಕಪ್ಪ ಕೆಲಸ ಬಿಟ್ಟ. ಆತನ ಕೆಲಸ ಏನಂದ್ರ, ಹೊಲದಿಂದ ಹೊಲಕ್ಕ ಅಡ್ಡಾಡಿ ನೋಡೋದು, ಸಂಜೀಕ ಫೋನಿನ್ಯಾಗ ರಿಪೋರ್ಟ್ ಕಳಸೋದು. ಈ ಸಲ ಪಿಯುಸಿ ಆದ ಹೆಣ್ಮಕ್ಕಳನ್ನ ತಗೋತಾರಂತ, ಆದ್ರ ರಿಪೋರ್ಟ್ ಇಂಗ್ಲಿಷಿನ್ಯಾಗ ಇರಬೇಕಂತ, ಹಾನಗಲ್ಲ ಆಫೀಸಿನ್ಯಾಗ ಬಾಯಿಪರೀಕ್ಷೆ ಮಾಡ್ತಾರಂತ ಅಂತ ಸುದ್ದಿ ಬಂತು. ನನ್ನ ಪಿಯುಸಿ ಮುಗದು ಹದಿನೆಂಟು ವರ್ಷ ಆಗಿತ್ತು. ಶ್ವೇತಾಂದು ಬಿಎ. ಮದುವ್ಯಾಗಿ ಬಂದು ಮೂರು ವರ್ಷ, ಬೆಂಡಿ ಮೊಗ್ಗು ಮುಟ್ಟಿದ್ದು ಹೋದ ವರ್ಷ. ಊರಾಗ ಪಿಯುಸಿ ದಾಟಿ, ಹೊಲದ ಕೆಲಸಾನೂ ಗೊತ್ತಿದ್ದವ್ರು ನಾವಿಬ್ರ. ಕನಕಪ್ಪ ಒಬ್ಬನ ಇದ್ದ, ಅಂದಮ್ಯಾಲ ಜಾಗಾನೂ ಒಂದ.

ಅಂಥಾದ್ರಾಗ ಈಕಿ ತಾನಾಗೇ ಬಂದು, ಅಕ್ಕಾ, ನಿಮ್ಮ ಅರ್ಜಿನೂ ನಾನ ತುಂಬ್ತೇನಿ, ಇಂಗ್ಲಿಷೂ ನಾನ ಕಲಸ್ತೇನಿ, ಕೂಡೇ ಹೋಗೂಣು ಅಂದ್ಲು. ಯಾಕ ಅಂತ ನಾ ಕೇಳಲಿಲ್ಲ. ಒಳಗೊಳಗ ಮಾತ್ರ ಯಾಕ, ಯಾಕ ಅಂತ ಕೊರೀತಿತ್ತು.

ಕಂಪನಿಯವ್ರು ಆಕಿ ಫೋನಿಗೆ ಒಂದು ಪುಸ್ತಕ ಕಳಸಿದ್ರು. ತೀರ ಹೊಸಬರಿಗಲ್ಲ, ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲ ಮಧ್ಯಮ ಮಟ್ಟದವ್ರಿಗೆ ಅಂತ ನೂರಾ ಇಪ್ಪತ್ತು ಕ್ರಿಯಾಪದ ಅದರಾಗ. ನಾ ರೊಟ್ಟಿ ಬಡಿಯೋ ಹೊತ್ತಿಗೆ ಆಕಿ ಬಾಜೂಕ ಕುಂತು ಓದ್ತಿದ್ಲು. ಗಿವ್, ಗೇವ್, ಗಿವನ್. ಟೇಕ್, ಟುಕ್, ಟೇಕನ್. ನಾ ರೊಟ್ಟಿ ಬಡಿಯೋ ಲಯಕ್ಕ ಹೇಳ್ತಿದ್ದೆ. ಒಂದಿನ ಕಟ್, ಕಟ್, ಕಟ್ ಅಂದ್ಲು. ನನಗ ಸಿಟ್ಟ ಬಂತು. ಮೂರೂ ಒಂದ ಇದ್ರ ಮೂರು ಸಲ ಯಾಕ ಹೇಳಬೇಕು, ನನ್ನ ಮಳ್ಳ ಮಾಡಾಕತ್ತಾಳ ಅಂತ ತಿಳ್ಕೊಂಡೆ. ಓಣಿಯ ಅಂಕಿತಾ ಸವಣೂರಾಗ ಕಾಲೇಜಿಗೆ ಹೊಕ್ಕಾಳ. ಆಕಿ ಕಡೆ ಹೋಗಿ ಗುಟ್ಟಾಗಿ ಕೇಳಿದ್ರ, ಎಲ್ಲಾ ಬರೋಬರಿ ಅದಾವ್ರೀ ಚಿಗವ್ವಾ ಅಂದ್ಲು. ಆಗಾರ ಸಂಶೇ ಹೋಗಬೇಕಲ್ಲ? ಹೋಗಲಿಲ್ಲ. ಓಹೋ, ಮೊದಲ ಸರಿಯಾಗಿ ಕಲಸಿ ನಂಬಿಕಿ ಹುಟ್ಟಸಾಕತ್ತಾಳ, ಕಡೀಕ ಕೈ ಕೊಡ್ತಾಳ ಅನ್ಕೊಂಡೆ.

ಹದಿನೈದು ದಿನ ಆದಮ್ಯಾಲ ಇನ್ನೊಂದು ಕಣ್ಣಿಗೆ ಬಿತ್ತು. ಯಾವಾಗಲೂ ಪ್ರಶ್ನಿ ಕೇಳಾಕಿ ಆಕಿ, ಉತ್ತರ ಹೇಳಾಕಿ ನಾ. ನಿನ್ನೆ ಎಷ್ಟು ಮೊಗ್ಗು ಬಿಚ್ಚಿದ್ರಿ, ಟೊಪಗಿ ಯಾರು ಹಾಕಿದ್ರು, ಹೊಲದಾಗ ಏನು ನೋಡಿದ್ರಿ ಅಂತ ಇಂಗ್ಲಿಷಿನ್ಯಾಗ ಕೇಳಾಕಿ. ನಾ ಐ ಓಪನ್ಡ್, ಶೀ ಪುಟ್, ಐ ಸಾ ಅಂತ ಹೇಳ್ತಿದ್ದೆ. ಒಂದು ದಿನ ನಾ ಕೇಳ್ತೇನಿ, ನೀ ಹೇಳು ಅಂದೆ. ಅದು ನನಗ ಇರ್ಲಿ ಬಿಡ್ರಿ ಅಕ್ಕಾ, ನೀವು ಉತ್ತರದ ಮ್ಯಾಲ ಲಕ್ಷ್ಯ ಇಡ್ರಿ ಅಂತ ನಕ್ಲು. ಆ ನಗಿ ನನಗ ಸೇರಲಿಲ್ಲ.

ಆಕಿ ಜಳಕಕ್ಕ ಹೋದಾಗ ಆಕಿ ನೋಟಬುಕ್ ತಗದು ನೋಡಿದೆ. ತಪ್ಪು ಅಂತ ಗೊತ್ತಿತ್ತು, ಆದ್ರೂ ನೋಡಿದೆ. ಪುಟಪುಟ ತುಂಬ ಬರೇ ಪ್ರಶ್ನಿ. ವೆನ್ ಡಿಡ್ ಯೂ, ವೈ ಡಿಡ್ ಯೂ, ಹೌ ಮೆನಿ ಹ್ಯಾವ್ ಯೂ. ಅದರಾಗಿಂದು ಒಂದೂ ನನಗ ಬಾಯಿಪಾಠ ಮಾಡಿಸಿದ್ದಿಲ್ಲ. ಅರ್ಧಾ ಕಲಿಸಿ ಅರ್ಧಾ ಬಚ್ಚಿಟ್ಟಾಳ ಹಾದರಗಿತ್ತಿ ಅಂತ ಬೈದುಕೊಂಡೆ. ಅಷ್ಟ ಸಾಲದು ಅಂತ ಆವತ್ತ ಸಂಜೀಕ ಹಿತ್ತಲದಾಗ ಯಾರದೋ ಜೋಡಿ ಫೋನಿನ್ಯಾಗ ಸಣ್ಣ ದನಿಲೆ ಮಾತಾಡಾಕತ್ತಿದ್ಲು. ನಾ ಬಾಂಡೆ ತೊಳಿಯೋದು ನಿಲ್ಲಿಸಿ ಕಿವಿಗೊಟ್ಟೆ.

"ಆಕಿ ವಿಚಾರ ನನಗ ಬಿಡ್ರಿ ಮೇಡಮ್, ನಾ ನೋಡ್ಕೋತೇನಿ."

ಆಫೀಸಿನವ್ರನ್ನ ಆಗಲೇ ಕೈಯಾಗ ಹಾಕ್ಕೊಂಡಾಳ, ನನ್ನ ಒಂದು ಕಡೆ ಸರಸಾಕ ಎಲ್ಲಾ ತಯಾರಿ ನಡದೈತಿ ಅಂತ ಅವತ್ತ ಪಕ್ಕಾ ಆತು ನನಗ. ಯಾರ ಮುಂದ ಹೇಳಲಿ? ಅತ್ತಿ ಮುಂದ ಹೇಳಿದ್ರ ಅತ್ತಿ ಆಕಿ ಕಡೇನ. ಗಂಡನ ಮುಂದ ಹೇಳಿದ್ರ, ನಿನಗ ಇಂಗ್ಲಿಷ್ ಯಾಕ ಬೇಕಾಗಿತ್ತು ಅಂತಾನ. ನುಂಗಿಕೊಂಡೆ.

ಪರೀಕ್ಷೆ ಶುಕ್ರವಾರ ಅಂತಿತ್ತು. ಅದರ ಹಿಂದಿನ ಆಯ್ತಾರ ಶ್ವೇತಾನ ಫೋನು ನೀರಿನ ಟಾಕಿಯೊಳಗ ಬಿದ್ದು, ಶಿಗ್ಗಾಂವಿ ಅಂಗಡ್ಯಾಗ ರಿಪೇರಿಗೆ ಹೋತು. ಸೋಮವಾರ ಮಧ್ಯಾಹ್ನ ನನ್ನ ಫೋನಿಗೆ ಹಾನಗಲ್ಲಿಂದ ಕಾಲ್ ಬಂತು. ಆಫೀಸಿನ ನುಜಹತ ಮೇಡಮ್. ಪರೀಕ್ಷೆ ಶುಕ್ರವಾರದ ಬದಲಿ ಬುಧವಾರ ಮುಂಜಾನೆ ಹತ್ತೂವರೀಕ ಇಟ್ಟೇವಿ, ಶ್ವೇತಾನ ಫೋನ್ ಹತ್ತವಲ್ದು, ಆಕಿಗೂ ಹೇಳ್ರಿ ಅಂದ್ರು. ಹೇಳತೇನ್ರಿ ಅಂದೆ.

ಹೇಳಲಿಲ್ಲ. ಸೋಮವಾರ ರಾತ್ರಿ ಊಟಕ್ಕ ಎದರಾಬದರಾ ಕುಂತಿದ್ವಿ, ಹೇಳಲಿಲ್ಲ. ಮಂಗಳವಾರ ಸಂಜೀಕ ನನಗ ಎರಡು ತಾಸು ಉತ್ತರ ಹೇಳಿಸಿದ್ಲು, ಆಗೂ ಹೇಳಲಿಲ್ಲ. ಸುಳ್ಳ ಯಾಕ ಹೇಳ್ಲಿ, ನಾಲಿಗಿ ತುದಿಗೆ ಒಮ್ಮೆ ಬಂದಿತ್ತು. ಬಂದದ್ದನ್ನ ಒಳಗ ದೂಡಿದೆ. ಹನ್ನೆರಡು ವರ್ಷದ ನಡಾನೋವು ನಂದು, ಬಿಎ ಆಕಿಗೆ ನಾಳೆ ಬ್ಯಾರೆ ಕೆಲಸ ಸಿಗ್ತೈತಿ ಅಂತ ನನಗ ನಾನ ಸಮಾಧಾನ ಹೇಳ್ಕೊಂಡೆ. ಬುಧವಾರ ಮುಂಜಾನೆ, ಹಾನಗಲ್ಲಾಗ ನಮ್ಮ ಸೋದರತ್ತಿಗೆ ಆರಾಮಿಲ್ಲ ಅಂತ ಹೇಳಿ ಹೊಸಾ ಸೀರಿ ಉಟ್ಟೆ. ನಿಮ್ಮ ಪಾಲಿನ ಸಾಲೂ ನಾನ ಕ್ರಾಸಿಂಗ್ ಮಾಡಿ ಬರ್ತೇನಿ, ನೀವು ನೆಪ್ಪಿಲೆ ಬಸ್ಸಿನ್ಯಾಗ ಓದ್ಕೊಳ್ರಿ ಅಂತ ಶ್ವೇತಾ ಬಾಗಲಿಗೆ ಬಂದು ಹೇಳಿದ್ಲು.

ಶಿಗ್ಗಾಂವಿಯಾಗ ಬಸ್ ಬದಲಿಸಿ ಹತ್ತಕ್ಕ ಹಾನಗಲ್ಲ ಮುಟ್ಟಿದೆ. ಆಫೀಸಿನ ಹೊರಗ ಬಾಕ ಮ್ಯಾಲ ಹೆಣ್ಮಕ್ಕಳು ಕುಂತಿದ್ರು, ಎಲ್ಲಾರೂ ಇಬ್ಬಿಬ್ರು. ಒಳಗ ಹಿರೇಕೆರೂರ ಕಡೆಯ ಇಬ್ರ ಪರೀಕ್ಷೆ ನಡದಿತ್ತು. ಬಾಗಲಾ ತೆರದಿತ್ತು, ಕಾಣಸ್ತಿತ್ತು. ಒಬ್ಬಾಕಿ ಇಂಗ್ಲಿಷಿನ್ಯಾಗ ಕೇಳಾಕತ್ತಿದ್ಲು, ಇನ್ನೊಬ್ಬಾಕಿ ಹೇಳಾಕತ್ತಿದ್ಲು. ಶ್ವೇತಾ ನನಗ ದಿನಾ ಮಾಡಿಸಿದ್ದೂ ಇದನ್ನ.

ನುಜಹತ ಮೇಡಮ್ ಕಾಗದ ನೋಡಿ ಹಿರೇಬೆಂಡಿಗೇರಿ, ನಾಗವ್ವ, ಶ್ವೇತಾ ಅಂತ ಕರದ್ರು. ನಾ ಒಬ್ಬಾಕಿನ ಎದ್ದೆ. ನಿಮ್ಮ ಜೋಡಿ ಎಲ್ಲಿ ಅಂದ್ರು. ಆರಾಮಿಲ್ಲ ಅಂತ ಸುಳ್ಳ ಹೇಳಿದೆ. ಆಗ ಮೇಡಮ್ ಬಿಡಿಸಿ ಹೇಳಿದ್ರು. ಕನಕಪ್ಪ ಒಬ್ಬನ ಇದ್ದಾಗ ಹೊಲಕ್ಕ ಹೋಗದ ಮನ್ಯಾಗ ಕುಂತು ರಿಪೋರ್ಟ್ ಬರದು ಕಳಸ್ತಿದ್ನಂತ. ಅದಕ್ಕ ಇನ್ನಮುಂದ ಊರಿಗೆ ಇಬ್ರು. ಒಬ್ಬಾಕಿ ಕೇಳಬೇಕು, ಒಬ್ಬಾಕಿ ಹೇಳಬೇಕು, ಆ ಮಾತ ರಿಪೋರ್ಟ್ ಆಗಿ ಹೋಗಬೇಕು. ಪರೀಕ್ಷೇನೂ ಹಂಗ. ಇದನ್ನೆಲ್ಲಾ ಅರ್ಜಿಯಾಗ ಬರದೇವಲ್ಲ, ಓದಿಲ್ಲೇನು ಅಂದ್ರು. ಅರ್ಜಿ ತುಂಬಿದಾಕಿ ಶ್ವೇತಾ. ಕೂಡೇ ಹೋಗೂಣು ಅಂತ ಆಕಿ ಅವತ್ತ ಅಂದದ್ದು ಬಾಯಿಮಾತು ಅಂತ ನಾ ಬಿಟ್ಟಿದ್ದೆ.

"ನಿಮಗ ನಡಾನೋವು, ಅಭ್ಯಾಸ ಬಿಟ್ಟು ಭಾಳ ವರ್ಷ ಆಗೇದ, ಬಾಜೂ ಊರಿನ್ಯಾಗರ ಬ್ಯಾರೆ ಜೋಡಿ ಹುಡಕ್ಕೊ ಅಂತ ನಾನ ಆಕಿಗೆ ಹೇಳಿದ್ದೆ," ಅಂದ್ರು ಮೇಡಮ್. "ಆಕಿ ಒಪ್ಪಲಿಲ್ಲ. ನಿಮ್ಮನ್ನ ತಾನ ತಯಾರ ಮಾಡ್ತೇನಿ ಅಂದ್ಲು."

ಮಧ್ಯಾಹ್ನ ಎರಡರ ಒಳಗ ಇಬ್ರೂ ಬಂದ್ರ ತಗೋತೇವಿ, ಇಲ್ಲಾಂದ್ರ ನಿಮ್ಮಿಬ್ರದೂ ರದ್ದು ಅಂತ ಹೇಳಿ ಮುಂದಿನವ್ರನ್ನ ಕರದ್ರು. ನಾ ಹೊರಗ ಬಂದು ರುದ್ರೇಶಗ ಫೋನ್ ಹಚ್ಚಿದೆ. ನಂಬರ್ ಎರಡು ಸಲ ತಪ್ಪು ಒತ್ತಿದೆ. ಆತ ಹೊಲದಾಗಿದ್ದ, ಶ್ವೇತಾನ ಕೈಯಾಗ ಫೋನ್ ಕೊಟ್ಟ. ಪರೀಕ್ಷೆ ಇವತ್ತ ಐತಿ, ಗಾಡಿ ಮ್ಯಾಲ ಹಂಗ ಬಾ ಅಂದೆ.

"ನಿಮಗ ಯಾವಾಗ ಗೊತ್ತಾತ್ರಿ ಅಕ್ಕಾ?"

ಮೊದಲ ಬಾ, ಆಮ್ಯಾಲ ಹೇಳತೇನಿ ಅಂತ ಫೋನ್ ಇಟ್ಟುಬಿಟ್ಟೆ.

ಒಂದೂವರೀಕ ಬಂದ್ಲು. ನನ್ನ ಸಾಲಿನ್ಯಾಗ ಕೆಲಸ ಮಾಡಾಕತ್ತಿದ್ಲು ಅಂತ ಕಾಣತೈತಿ, ಬೆರಳಿಗೆ ಹಳದಿ ಹುಡಿ ಹತ್ತಿತ್ತು, ಸೀರಿ ಅಂಚು ಕೆಸರು. ನನ್ನ ಹೊಸಾ ಸೀರಿ ಮ್ಯಾಲಿಂದ ಕೆಳಗಿನತನಾ ನೋಡಿದ್ಲು. ಒಳಗ ಹೋಗಿ ಎದರಾಬದರಾ ಕುಂತ್ವಿ. ಈ ವಾರ ನಿಮ್ಮಿಬ್ರ ನಡುವ ನಡದದ್ದು ಏನರ ಮಾತಾಡ್ರಿ, ಐದು ನಿಮಿಷ, ಇಂಗ್ಲಿಷಿನ್ಯಾಗ ಅಂತ ಮೇಡಮ್ ಪೆನ್ನು ತಗೊಂಡ್ರು.

ಶ್ವೇತಾ ನನ್ನ ಕಣ್ಣಾಗ ಕಣ್ಣಿಟ್ಟು ಕೇಳಿದ್ಲು. "ವೆನ್ ಡಿಡ್ ಮೇಡಮ್ ಕಾಲ್ ಯೂ?"

ಮೇಡಮ್ ಯಾವಾಗ ಫೋನ್ ಮಾಡಿದ್ರು ಅಂತ. ಸುಳ್ಳ ಹೇಳೋಣಂದ್ರ ಮೇಡಮ್ ಎದರಿಗೇ ಕುಂತಿದ್ರು.

"ಶೀ ಕಾಲ್ಡ್ ಮೀ ಆನ್ ಮಂಡೇ."

"ವಾಟ್ ಡಿಡ್ ಶೀ ಸೇ?"

"ಶೀ ಸೆಡ್, ಟೆಲ್ ಶ್ವೇತಾ."

ಮೇಡಮ್ ಅವ್ರ ಪೆನ್ನು ನಿಂತಿತು. ಶ್ವೇತಾ ನಿಲ್ಲಲಿಲ್ಲ.

"ಡಿಡ್ ಯೂ ಟೆಲ್ ಮೀ?"

"ಐ ಡಿಡ್ ನಾಟ್ ಟೆಲ್ ಯೂ."

ಯಾಕ ಅಂತ ಕೇಳಿದ್ಲು. ಐ ಥಾಟ್ ಯೂ ವುಡ್ ಟೇಕ್ ಮೈ ಜಾಬ್, ನನ್ನ ಕೆಲಸ ನೀ ಕಸ್ಕೋತೀ ಅನ್ಕೊಂಡೆ ಅಂತ ಹೆಂಗೋ ಹೇಳಿದೆ.

"ವಾಟ್ ಹ್ಯಾವ್ ಐ ಟೇಕನ್ ಫ್ರಮ್ ಯೂ, ಅಕ್ಕಾ?"

ನಿಮ್ಮಿಂದ ನಾ ಏನು ಕಸ್ಕೊಂಡೇನಿ ಅಂತ. ಮೂರು ವರ್ಷದಾಗಿಂದು ಎಲ್ಲಾ ನೆನಿಸಿ ನೋಡಿದೆ. ನಥಿಂಗ್ ಅಂದೆ. ಕಣ್ಣೀರು ದಳದಳ ಇಳದ್ವು, ನನಗ ನನ್ನ ಮ್ಯಾಲ ಅಸಹ್ಯ ಆತು.

ಮೇಡಮ್ ಕಾಗದದ ಮ್ಯಾಲ ಮಾರ್ಕ್ಸ್ ಹಾಕಿದ್ರು. ಕ್ರಿಯಾಪದ ಎಲ್ಲಾ ಬರೋಬರಿ ಬಂದಾವ, ಇಬ್ರೂ ಪಾಸು ಅಂದ್ರು. ಆಮ್ಯಾಲ ಶ್ವೇತಾನ ಕಡೆ ತಿರಗಿ, ಈಕಿ ಜೋಡಿನ ಕೆಲಸ ಮಾಡ್ತೀಯೋ, ಬ್ಯಾರೆ ಯಾರನ್ನರ ಹುಡಕೂಣೋ ಅಂತ ಕೇಳಿದ್ರು. ನಾ ನೆಲಾ ನೋಡಿದೆ.

"ಈಕಿ ಜೋಡಿನ ಮಾಡ್ತೇನ್ರಿ," ಅಂದ್ಲು ಶ್ವೇತಾ. "ಆದ್ರ ಇನ್ನಮ್ಯಾಲ ಏನ ಹೇಳೋದಿದ್ರೂ ನನ್ನ ನಂಬರಿಗಷ್ಟ ಫೋನ್ ಮಾಡ್ರಿ. ನಂದು ಹತ್ತದಿದ್ರ ನಮ್ಮ ಮನಿಯವ್ರಿಗೆ ಮಾಡ್ರಿ."

ಮೇಡಮ್ ಅರ್ಜಿ ತಗದು ನನ್ನ ನಂಬರಿನ ಮ್ಯಾಲ ಗೀಟು ಹೊಡದ್ರು. ಅದರ ಬಾಜೂಕ ರುದ್ರೇಶನ ನಂಬರ್ ಬರಕೊಂಡ್ರು.